ಹಸು ಎದ್ದು ನಿಂತ ಮಾತ್ರಕ್ಕೆ ಮದ್ದು ಇಳಿಯಿತೇ?

(ಅರಿವಳಿಕೆ ಔಷಧಗಳು ರಾಸಿನ ದೇಹದಲ್ಲಿ ಏನಾಗುತ್ತವೆ ಎಂಬ ಬಗ್ಗೆ ಒಂದು ಪಾಠ)

– ಪಶುವೈದ್ಯ ವಿಸ್ತರಣಾಧಿಕಾರಿ



ಕೊಂಬಿನ ಕ್ಯಾನ್ಸರ್, ಹೊಟ್ಟೆಗೆ ಸೇರಿದ ತಂತಿ ಹಾಗೂ ಪ್ಲಾಸ್ಟಿಕ್, ಅಡ್ಡ ಸಿಕ್ಕಿಕೊಂಡ ಕರು, ಮುಳ್ಳುತಂತಿಗೆ ಸಿಕ್ಕಿ ಸೀಳಿದ ಮೊಲೆತೊಟ್ಟು, ಹೊರಬಂದ ಗರ್ಭಕೋಶ – ಇಂಥ ಸಂದರ್ಭಗಳಲ್ಲಿ ರಾಸಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಇವುಗಳಲ್ಲಿ ಹಲವನ್ನು ಈಗ ರೈತರ ಮನೆಯಂಗಳದಲ್ಲೇ ಮಾಡಲಾಗುತ್ತಿದೆ. ಚಿಕಿತ್ಸೆಗೆ ಮುನ್ನ ವೈದ್ಯರು ನೋವು ತಿಳಿಯದಂತೆ ಮರಗಟ್ಟಿಸುವ ಮದ್ದನ್ನೋ ಮಂಪರು ಬರಿಸುವ ಮದ್ದನ್ನೋ ಚುಚ್ಚುತ್ತಾರೆ. ಹೊಲಿಗೆ ಹಾಕಿ ಮುಗಿಸಿ, ಹಸು ಎದ್ದು ನಿಂತಿತೆಂದರೆ ಮನೆಯವರು ಕೇಳುವ ಮಾತು ಬಹುತೇಕ ಎಲ್ಲ ಊರುಗಳಲ್ಲೂ ಒಂದೇ: "ಡಾಕ್ಟ್ರೇ, ಮದ್ದು ಇಳೀತಲ್ಲ? ಹಿಂಡಿ ಇಡಬಹುದಾ? ಸಂಜೆ ಹಾಲು ಡೇರಿಗೆ ಹಾಕಬಹುದಾ?"

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಏಕೆಂದರೆ ಮದ್ದಿನ ಪ್ರಭಾವ ಮಿದುಳಿನಿಂದ ಇಳಿಯುವುದು ಒಂದು, ಮದ್ದು ಮೈಯಿಂದ ಹೊರಗೆ ಹೋಗುವುದು ಇನ್ನೊಂದು. ಇವೆರಡೂ ಒಂದೇ ಹೊತ್ತಿಗೆ ಆಗುವುದಿಲ್ಲ. ಹಸು ಎದ್ದು ನಿಲ್ಲುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಮದ್ದು ಹೊರಹೋಗುವುದು ಕಣ್ಣಿಗೆ ಕಾಣುವುದಿಲ್ಲ. ಆದರೆ ನಮ್ಮ ಕ್ಯಾನಿನ ಹಾಲಿಗೆ ಸಂಬಂಧಪಟ್ಟಿರುವುದು ಈ ಕಾಣದ ಕೆಲಸವೇ. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಈ ಪಾಠದ ಉದ್ದೇಶ.

ಅರಿವಳಿಕೆಯಲ್ಲಿ ಎಷ್ಟು ಬಗೆ?

ಮುಖ್ಯವಾಗಿ ಮೂರು ಬಗೆ ಎಂದು ತಿಳಿಯಬಹುದು.

1. ಸ್ಥಳೀಯ ಅರಿವಳಿಕೆ: ಮದ್ದು ಚುಚ್ಚಿದ ಜಾಗ ಮಾತ್ರ ಮರಗಟ್ಟುತ್ತದೆ. ಹಸು ಎಚ್ಚರವಾಗಿಯೇ ಇರುತ್ತದೆ. ಲಿಗ್ನೋಕೇನ್ ಈ ಬಗೆಯದು. ಕರುವಿನ ಕೊಂಬಿನ ಮೊಗ್ಗು ಸುಡುವಾಗ, ಪಕ್ಕೆಯನ್ನು ಕೊಯ್ದು ಹೊಟ್ಟೆ ತೆರೆಯುವಾಗ ಬಳಸುವುದು ಇದನ್ನೇ. ಬಾಲದ ಬುಡದಲ್ಲಿ ಬೆನ್ನುಮೂಳೆಯ ಸಂದಿಗೆ ಕೊಡುವುದೂ ಇದನ್ನೇ.

2. ಮಂಪರು ಮದ್ದು: ಹಸು ತಲೆ ತಗ್ಗಿಸಿ, ಜೊಲ್ಲು ಸುರಿಸಿ, ಮಲಗಿಬಿಡುತ್ತದೆ. ಕ್ಸೈಲಜೀನ್ ಇದಕ್ಕೆ ಉದಾಹರಣೆ.

3. ಪೂರ್ಣ ಅರಿವಳಿಕೆ: ರಾಸು ಸಂಪೂರ್ಣ ಪ್ರಜ್ಞೆ ತಪ್ಪುತ್ತದೆ. ರಕ್ತನಾಳಕ್ಕೆ ಕೊಡುವ ಥಯೋಪೆಂಟೋನ್, ಉಸಿರಿನ ಮೂಲಕ ಕೊಡುವ ಅನಿಲಗಳು ಈ ಗುಂಪಿಗೆ ಸೇರುತ್ತವೆ. ಅನಿಲದ ವ್ಯವಸ್ಥೆ ಸಾಮಾನ್ಯವಾಗಿ ಪಶುವೈದ್ಯಕೀಯ ಕಾಲೇಜುಗಳಂಥ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಇರುತ್ತದೆ.

ಸ್ವಲ್ಪ ಇತಿಹಾಸ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿ ಕೊಟ್ಟು, ರೋಗಿಗೆ ನೋವು ತಿಳಿಯದಂತೆ ಶಸ್ತ್ರಚಿಕಿತ್ಸೆ ನಡೆಯುವಂತೆ ಮಾಡಿ ಎಲ್ಲರೆದುರು ತೋರಿಸಿದರು. ಮರುವರ್ಷ, 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಸಿದರು. ಕ್ಲೋರೋಫಾರಂ ಬಳಸಲು ಸುಲಭವಾದರೂ ಕೆಲವು ರೋಗಿಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಇದರ ಕಾರಣ ಹುಡುಕಲು ನಮ್ಮ ನೆರೆಯ ಹೈದರಾಬಾದಿನಲ್ಲೇ 1888 ಮತ್ತು 1889ರಲ್ಲಿ ನಿಜಾಮರ ನೆರವಿನಿಂದ ಎರಡು ಕ್ಲೋರೋಫಾರಂ ಆಯೋಗಗಳು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದವು. ಉಸಿರಾಟ ನಿಲ್ಲುವುದೇ ಸಾವಿಗೆ ಕಾರಣ, ಹೃದಯವಲ್ಲ ಎಂದು ಅವು ಹೇಳಿದವು. ಆದರೆ ಕ್ಲೋರೋಫಾರಂ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಎಂಬುದು ಮುಂದೆ ಬೇರೆ ಸಂಶೋಧನೆಗಳಿಂದ ತಿಳಿದುಬಂತು.

ಸ್ಥಳೀಯ ಅರಿವಳಿಕೆಯ ಕಥೆ 1884ರಲ್ಲಿ ಶುರುವಾಗುತ್ತದೆ. ವಿಯೆನ್ನಾದ ಕಾರ್ಲ್ ಕೋಲರ್ ಎಂಬ ವೈದ್ಯರು ಕೊಕೇನ್ ದ್ರಾವಣವನ್ನು ಕಣ್ಣಿಗೆ ಹಾಕಿದರೆ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದರು. ಕೊಕೇನ್ ಚಟ ಹಿಡಿಸುವ ವಸ್ತುವಾದ್ದರಿಂದ ಬದಲಿ ಮದ್ದಿಗಾಗಿ ಹುಡುಕಾಟ ನಡೆಯಿತು. ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ತಯಾರಿಸಿದ ಪ್ರೊಕೇನ್ 1905ರಲ್ಲಿ ಬಳಕೆಗೆ ಬಂತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಗ್ನೋಕೇನ್ ತಯಾರಿಸಿದರು, ಅದು 1948ರಲ್ಲಿ ಮಾರುಕಟ್ಟೆಗೆ ಬಂತು. ಇಂದು ನಿಮ್ಮ ಊರಿನ ಪಶುವೈದ್ಯರ ಚೀಲದಲ್ಲಿರುವುದು ಇದೇ ಲಿಗ್ನೋಕೇನ್. ಕ್ಸೈಲಜೀನ್ 1962ರಲ್ಲಿ ಜರ್ಮನಿಯಲ್ಲಿ ತಯಾರಾಯಿತು.

ಮೊದಮೊದಲು ವಿಜ್ಞಾನಿಗಳ ಗಮನವೆಲ್ಲ "ಈ ಮದ್ದು ದೇಹಕ್ಕೆ ಏನು ಮಾಡುತ್ತದೆ?" ಎಂಬುದರ ಮೇಲೆ ಇತ್ತು. "ದೇಹ ಈ ಮದ್ದಿಗೆ ಏನು ಮಾಡುತ್ತದೆ?" ಎಂಬ ಪ್ರಶ್ನೆಗೆ ಮಹತ್ವ ಬಂದದ್ದು ಬಹಳ ತಡವಾಗಿ. ಉಸಿರಿನ ಮೂಲಕ ಕೊಡುವ ಅನಿಲಗಳು ಹೇಗೆ ಹೋದವೋ ಹಾಗೆಯೇ ಹೊರಬರುತ್ತವೆ, ದೇಹ ಅವನ್ನು ಮುಟ್ಟುವುದಿಲ್ಲ ಎಂದೇ 1960ರ ದಶಕದವರೆಗೆ ನಂಬಲಾಗಿತ್ತು. 1964ರಲ್ಲಿ ವಿಕಿರಣ ಗುರುತು ಹಾಕಿದ ಅನಿಲಗಳನ್ನು ಪ್ರಾಣಿಗಳಿಗೆ ಕೊಟ್ಟು ಪರೀಕ್ಷಿಸಿದಾಗ, ಅವುಗಳ ಒಂದು ಭಾಗವನ್ನು ದೇಹ ಒಡೆಯುತ್ತದೆ ಎಂದು ಗೊತ್ತಾಯಿತು. ಮನುಷ್ಯರಲ್ಲಿ ಹ್ಯಾಲೋಥೇನ್ ಅನಿಲದ ಶೇಕಡಾ 20ರಷ್ಟು ಭಾಗ ಹೀಗೆ ಒಡೆಯುತ್ತದೆ. ನಂತರ ಬಂದ ಐಸೋಫ್ಲುರೇನ್‌ನಲ್ಲಿ ಒಡೆಯುವುದು ಶೇಕಡಾ 0.2ರಷ್ಟು ಮಾತ್ರ. ದೇಹ ಕಡಿಮೆ ಒಡೆಯುವ ಮದ್ದೇ ಹೆಚ್ಚು ಸುರಕ್ಷಿತ ಎಂಬ ತಿಳಿವಳಿಕೆ ಬಂದದ್ದು ಇಂಥ ಸಂಶೋಧನೆಗಳಿಂದ.

ಕಾಲುವೆ ಮತ್ತು ಮಡಿ

ರಕ್ತಕ್ಕೆ ಸೇರಿದ ಮದ್ದು ಮೈಯಲ್ಲಿ ಹೇಗೆ ಸಾಗುತ್ತದೆ? ಗದ್ದೆಗೆ ನೀರು ಬಿಡುವುದನ್ನು ನೆನೆಸಿಕೊಳ್ಳಿ. ತೂಬು ಎತ್ತಿ ಒಂದಿಷ್ಟು ನೀರು ಬಿಟ್ಟು ಮುಚ್ಚಿದರೆ ಕಾಲುವೆ ಮೊದಲು ತುಂಬುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರು ಮಡಿಗಳಿಗೆ ಹರಿದು ಹಂಚಿಹೋಗುತ್ತದೆ. ಕಾಲುವೆಯ ಮಟ್ಟ ಇಳಿಯುತ್ತದೆ. ಕಾಲುವೆ ಬತ್ತಿತೆಂದು ಹೊಲದ ನೀರು ಹೋಯಿತು ಎನ್ನಲಾದೀತೇ? ನೀರು ಮಡಿಗಳಲ್ಲೇ ಇದೆ. ಅದು ಇಂಗಿ, ಆವಿಯಾಗಿ ಹೋಗಲು ದಿನಗಳೇ ಬೇಕು.

1934ರಿಂದ ಬಳಕೆಯಲ್ಲಿರುವ ಥಯೋಪೆಂಟೋನ್ ಹೀಗೆಯೇ ನಡೆದುಕೊಳ್ಳುತ್ತದೆ. ರಕ್ತನಾಳಕ್ಕೆ ಕೊಟ್ಟ ಅರೆ ನಿಮಿಷ, ಒಂದು ನಿಮಿಷದಲ್ಲೇ ಪ್ರಜ್ಞೆ ತಪ್ಪುತ್ತದೆ. ಒಂದೇ ಪ್ರಮಾಣ ಕೊಟ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಎಚ್ಚರವೂ ಆಗುತ್ತದೆ. ಇಷ್ಟು ಬೇಗ ಎಚ್ಚರವಾಗುವುದರಿಂದ ದೇಹವು ಮದ್ದನ್ನು ಬೇಗ ಒಡೆದುಹಾಕುತ್ತದೆ ಎಂದು ಹಿಂದೆ ಭಾವಿಸಲಾಗಿತ್ತು. 1950ರ ಸುಮಾರಿಗೆ ಅಮೆರಿಕದ ಬರ್ನಾರ್ಡ್ ಬ್ರಾಡಿ ಮತ್ತು ಅವರ ಸಂಗಡಿಗರು ರಕ್ತ ಮತ್ತು ಕೊಬ್ಬಿನಲ್ಲಿ ಮದ್ದಿನ ಪ್ರಮಾಣ ಅಳೆದು, ಇದು ತಪ್ಪು ಎಂದು ತೋರಿಸಿದರು. ಮದ್ದು ಮಿದುಳಿನಿಂದ ಹೊರಟು ಮಾಂಸಖಂಡಗಳಿಗೂ ಕೊಬ್ಬಿಗೂ ಹರಿದುಹೋಗಿರುತ್ತದೆ. ಆದ್ದರಿಂದ ಎಚ್ಚರವಾಗುತ್ತದೆ. ಒಡೆಯುವ ಕೆಲಸ ನಿಧಾನವಾಗಿ ಹಲವಾರು ಗಂಟೆ ನಡೆಯುತ್ತದೆ. ಮತ್ತೆ ಮತ್ತೆ ಕೊಟ್ಟರೆ ಮಡಿಗಳೆಲ್ಲ ತುಂಬಿ, ಹರಿದುಹೋಗಲು ಜಾಗವಿಲ್ಲದೆ ರಾಸು ಬಹಳ ಹೊತ್ತು ಏಳುವುದೇ ಇಲ್ಲ. ಎಳೆಗರುಗಳಲ್ಲಿ ಮತ್ತು ಬಡಕಲು ರಾಸುಗಳಲ್ಲಿ ಈ ಮದ್ದು ಹೆಚ್ಚು ಹೊತ್ತು ಮಲಗಿಸುವುದಕ್ಕೂ ಇದೇ ಕಾರಣ. ಅವುಗಳ ಮೈಯಲ್ಲಿ ಮಾಂಸ, ಕೊಬ್ಬು ಎಂಬ ಮಡಿಗಳು ಚಿಕ್ಕವು.

ಒಡೆಯುವ ಕೆಲಸ ನಡೆಯುವುದು ಎಲ್ಲಿ?

ಹೆಚ್ಚಿನ ಅರಿವಳಿಕೆ ಮದ್ದುಗಳು ಕೊಬ್ಬಿನಲ್ಲಿ ಕರಗುವಂಥವು. ಹಾಗಿದ್ದರೆ ಮಾತ್ರ ಅವು ನರದೊಳಕ್ಕೆ, ಮಿದುಳಿನೊಳಕ್ಕೆ ನುಗ್ಗಬಲ್ಲವು. ಆದರೆ ಮೂತ್ರದಲ್ಲಿ ಹೊರಹೋಗಬೇಕಾದರೆ ನೀರಿನಲ್ಲಿ ಕರಗುವಂತಿರಬೇಕು. ಕೊಬ್ಬಿನಲ್ಲಿ ಕರಗುವ ಮದ್ದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸುವ ಕಾರ್ಖಾನೆಯೇ ಪಿತ್ತಜನಕಾಂಗ, ಅಂದರೆ ಈಲಿ. ಅಲ್ಲಿನ ಕಿಣ್ವಗಳು ಮದ್ದನ್ನು ಕತ್ತರಿಸಿ, ಅದಕ್ಕೆ ಬೇರೆ ಪದಾರ್ಥ ಜೋಡಿಸಿ, ಮೂತ್ರಪಿಂಡದ ಕಡೆಗೆ ಸಾಗಹಾಕುತ್ತವೆ. ಸ್ವಲ್ಪ ಭಾಗ ಪಿತ್ತರಸದೊಂದಿಗೆ ಕರುಳಿಗೆ ಇಳಿದು ಸಗಣಿಯಲ್ಲಿ ಹೋಗುತ್ತದೆ. ಕರೆಯುವ ಹಸುವಿನಲ್ಲಿ ಇನ್ನೊಂದು ದಾರಿಯೂ ಇದೆ, ಅದೇ ಕೆಚ್ಚಲು. ರಕ್ತದಿಂದಲೇ ಹಾಲು ತಯಾರಾಗುವುದರಿಂದ, ರಕ್ತದಲ್ಲಿರುವ ಮದ್ದು ಹಾಲಿಗೂ ಸೇರಬಲ್ಲದು.

ಎಲ್ಲ ಮದ್ದನ್ನೂ ಈಲಿಯೇ ಒಡೆಯಬೇಕೆಂದಿಲ್ಲ. ಪ್ರೊಕೇನನ್ನು ಬಹುಮಟ್ಟಿಗೆ ರಕ್ತದಲ್ಲೇ ಇರುವ ಕೋಲಿನೆಸ್ಟರೇಸ್ ಎಂಬ ಕಿಣ್ವ ಒಡೆಯುತ್ತದೆ. ಪ್ರೊಕೇನ್ ಎಂಬ ಹೆಸರು ನಿಮಗೆ ಹೊಸದಲ್ಲ. ಪ್ರೊಕೇನ್ ಪೆನಿಸಿಲಿನ್ ಎಂಬ ಬಿಳಿ ಚುಚ್ಚುಮದ್ದಿನಲ್ಲಿ ಇರುವುದು ಇದೇ. ಪೆನಿಸಿಲಿನ್ ಜೊತೆ ಪ್ರೊಕೇನ್ ಸೇರಿಸಿದರೆ ಅದು ನಿಧಾನವಾಗಿ ಕರಗುತ್ತದೆ, ಹೆಚ್ಚು ಹೊತ್ತು ಕೆಲಸ ಮಾಡುತ್ತದೆ, ಚುಚ್ಚಿದ ಜಾಗದ ನೋವೂ ಕಡಿಮೆಯಾಗುತ್ತದೆ.

ಇಲ್ಲಿ ರೈತರು ಗಮನಿಸಬೇಕಾದ ಒಂದು ಸಂಗತಿ ಇದೆ. ಬೆಳೆಗೆ ಹೊಡೆಯುವ, ಉಣ್ಣೆಗೆಂದು ರಾಸಿನ ಮೈಗೆ ಬಳಿಯುವ ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಇದೇ ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಪ್ರೊಕೇನ್ ಒಡೆಯುವ ಕೆಲಸ ಕುಂಟುತ್ತದೆ. ಹಿಂದಿನ ಕೆಲವು ದಿನಗಳಲ್ಲಿ ರಾಸಿಗೆ ಔಷಧಿ ಹೊಡೆದಿದ್ದರೆ, ಔಷಧಿ ಹೊಡೆದ ಮೇವು ತಿಂದಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಲಿಗ್ನೋಕೇನ್ ರಚನೆ ಬೇರೆ. ಅದನ್ನು ಈ ಕಿಣ್ವ ಒಡೆಯಲಾರದು, ಈಲಿಯೇ ಒಡೆಯಬೇಕು. ಚುಚ್ಚಿದ ಜಾಗದಿಂದ ರಕ್ತಕ್ಕೆ ನಿಧಾನವಾಗಿ ಸೇರಿದಷ್ಟೂ ಈಲಿಗೆ ಹೊರೆ ಕಡಿಮೆ, ಮರಗಟ್ಟುವ ಸಮಯವೂ ಹೆಚ್ಚು. ಅದಕ್ಕೆಂದೇ ಕೆಲವೊಮ್ಮೆ ಜೊತೆಗೆ ಅಡ್ರಿನಲಿನ್ ಸೇರಿಸಿ ಅಲ್ಲಿನ ರಕ್ತನಾಳಗಳನ್ನು ಕುಗ್ಗಿಸುತ್ತಾರೆ. ಕೀವು ತುಂಬಿದ ಜಾಗದಲ್ಲಿ ಆಮ್ಲದ ಅಂಶ ಹೆಚ್ಚಿರುವುದರಿಂದ ಲಿಗ್ನೋಕೇನ್ ನರದೊಳಕ್ಕೆ ಸರಿಯಾಗಿ ಹೋಗುವುದಿಲ್ಲ. "ಮದ್ದು ಕೊಟ್ಟರೂ ಒದೆಯುತ್ತಿದೆ, ಮದ್ದೇ ಸರಿಯಿಲ್ಲ" ಎಂದು ಕೆಲವರು ದೂರುವುದುಂಟು. ಕೀವಿನಿಂದ ದೂರದಲ್ಲಿ, ಆ ಭಾಗಕ್ಕೆ ಬರುವ ನರದ ಬುಡಕ್ಕೇ ಮದ್ದು ಕೊಡುವುದು ಇದಕ್ಕೆ ಪರಿಹಾರ.

ಕುದುರೆಗೆ ಹತ್ತು, ಹಸುವಿಗೆ ಒಂದು

ಕ್ಸೈಲಜೀನ್ ವಿಷಯದಲ್ಲಿ ಒಂದು ಆಶ್ಚರ್ಯವಿದೆ. ಒಂದೇ ತೂಕಕ್ಕೆ ಲೆಕ್ಕ ಹಾಕಿದರೆ ಕುದುರೆಗೆ ಬೇಕಾದ ಪ್ರಮಾಣದ ಸುಮಾರು ಹತ್ತರಲ್ಲಿ ಒಂದು ಭಾಗ ಹಸುವಿಗೆ ಸಾಕು. ಹಾಗಾದರೆ ಹಸುವಿನ ಈಲಿ ಈ ಮದ್ದನ್ನು ನಿಧಾನವಾಗಿ ಒಡೆಯುತ್ತದೆಯೇ?

ಫ್ರಾನ್ಸಿನ ವಿಜ್ಞಾನಿಗಳು ಇದನ್ನು ನಾಲ್ಕು ಬಗೆಯ ಪ್ರಾಣಿಗಳಲ್ಲಿ ಅಳೆದು 1981ರಲ್ಲಿ ಪ್ರಕಟಿಸಿದರು. ರಕ್ತನಾಳಕ್ಕೆ ಕೊಟ್ಟ ಕ್ಸೈಲಜೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿದ ಸಮಯ ಹೀಗಿತ್ತು:

ಕುರಿ – ಸುಮಾರು 23 ನಿಮಿಷ
ನಾಯಿ – ಸುಮಾರು 30 ನಿಮಿಷ
ದನ – ಸುಮಾರು 36 ನಿಮಿಷ
ಕುದುರೆ – ಸುಮಾರು 50 ನಿಮಿಷ

ಅಂದರೆ ಹಸು ಕುದುರೆಗಿಂತ ಬೇಗನೇ ಮದ್ದನ್ನು ರಕ್ತದಿಂದ ಇಳಿಸುತ್ತದೆ. ಹಾಗಿದ್ದೂ ಹಸುವಿಗೆ ಹತ್ತನೇ ಒಂದು ಭಾಗವೇ ಸಾಕಾಗುವುದೇಕೆ? ವ್ಯತ್ಯಾಸ ಈಲಿಯಲ್ಲಿಲ್ಲ, ಮಿದುಳಿನಲ್ಲಿದೆ. ಹಸುವಿನ ಮಿದುಳು ಈ ಮದ್ದಿಗೆ ಅಷ್ಟು ಸೂಕ್ಷ್ಮವಾದುದು. ದನಗಳಲ್ಲಿಯೂ ತಳಿಗೆ ತಕ್ಕಂತೆ ವ್ಯತ್ಯಾಸವಿದೆ. ಡುಬ್ಬವಿರುವ ಬ್ರಾಹ್ಮನ್ ದನಗಳಿಗೆ ಹೆಚ್ಚು ಮಂಪರು ಬರುತ್ತದೆ, ಹೋಲ್‌ಸ್ಟೀನ್ ದನಗಳು ಅಷ್ಟಾಗಿ ಬಗ್ಗುವುದಿಲ್ಲ ಎಂದು ಕಂಡುಬಂದಿದೆ. ನಮ್ಮ ಹಳ್ಳಿಕಾರ್, ಅಮೃತಮಹಲ್ ಕೂಡ ಡುಬ್ಬವಿರುವ ತಳಿಗಳೇ ಆದ್ದರಿಂದ ಪಶುವೈದ್ಯರು ಅವುಗಳಲ್ಲಿ ಪ್ರಮಾಣವನ್ನು ಹಿಡಿತದಲ್ಲಿಟ್ಟು ಶುರು ಮಾಡುತ್ತಾರೆ. ಬೇರೆ ಪ್ರಾಣಿಯ ಲೆಕ್ಕದಲ್ಲಿ, ಯಾರದೋ ಮಾತು ಕೇಳಿ ಈ ಮದ್ದು ಚುಚ್ಚುವುದು ಎಷ್ಟು ಅಪಾಯ ಎಂಬುದು ಇದರಿಂದ ತಿಳಿಯುತ್ತದೆ.

36 ನಿಮಿಷಕ್ಕೆ ಅರ್ಧ, 72 ನಿಮಿಷಕ್ಕೆ ಕಾಲು, ಮೂರು ಗಂಟೆ ಹೊತ್ತಿಗೆ ಮೂವತ್ತೆರಡರಲ್ಲಿ ಒಂದು ಭಾಗ – ಹೀಗೆ ರಕ್ತದಲ್ಲಿ ಮದ್ದು ಇಳಿಯುತ್ತದೆ. ಮೂಲ ರೂಪದಲ್ಲೇ ಮೂತ್ರದಲ್ಲಿ ಹೋಗುವುದು ಅತ್ಯಲ್ಪ, ಉಳಿದದ್ದೆಲ್ಲ ಒಡೆದು ಬೇರೆ ಪದಾರ್ಥಗಳಾಗಿ ಹೋಗುತ್ತದೆ. ಆದರೆ ಹೊಟ್ಟೆಯ ಮೇಲಿನ ಪ್ರಭಾವ ಅಷ್ಟರಲ್ಲಿ ಮುಗಿದಿರುವುದಿಲ್ಲ. ಕ್ಸೈಲಜೀನ್ ಕೊಟ್ಟಾಗ ಮೊದಲ ಹೊಟ್ಟೆಯ ಚಲನೆ ನಿಲ್ಲುತ್ತದೆ, ತೇಗು ನಿಲ್ಲುತ್ತದೆ. ಒಳಗಿನ ಮೇವು ಮಾತ್ರ ಹುಳಿಯುತ್ತಲೇ ಇರುತ್ತದೆ, ಅನಿಲ ಹುಟ್ಟುತ್ತಲೇ ಇರುತ್ತದೆ. ಹೊರಬರಲು ದಾರಿಯಿಲ್ಲದೆ ಹೊಟ್ಟೆ ಉಬ್ಬರಿಸುತ್ತದೆ, ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತುತ್ತದೆ. ಜೊತೆಗೆ ಮೇವಿನ ನೀರು ಗಂಟಲಿಗೆ ಮರಳಿ ಬಂದು ಶ್ವಾಸನಾಳಕ್ಕೆ ಇಳಿದರೆ ಹಸು ಉಸಿರು ಕಟ್ಟಿ ಸಾಯಬಹುದು, ಬದುಕಿದರೂ ನ್ಯುಮೋನಿಯಾ ಹಿಡಿಯಬಹುದು. ಆಪರೇಷನ್ ಮುಂಚೆ ಉಪವಾಸ ಹಾಕಿ ಎಂದು ವೈದ್ಯರು ಹೇಳುವುದು ಇದಕ್ಕೇ. ಪಾಪ ಎಂದು ರಾತ್ರಿ ಕದ್ದು ಒಂದು ಹೊರೆ ಹುಲ್ಲು ಹಾಕಿದರೆ, ಅದು ಹಸುವಿಗೆ ತೋರಿದ ಕರುಣೆ ಅಲ್ಲ.

ತುಂಬು ಗಬ್ಬದ ಹಸುವಿನಲ್ಲಿ ಕ್ಸೈಲಜೀನ್ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುವುದರಿಂದ ಕೊನೆಯ ಮೂರು ತಿಂಗಳಲ್ಲಿ ಸಾಧ್ಯವಾದಷ್ಟೂ ಅದನ್ನು ಬಳಸುವುದಿಲ್ಲ. ಆದ್ದರಿಂದ ಗಬ್ಬದ ದಿನದ ಲೆಕ್ಕ, ಕೃತಕ ಗರ್ಭಧಾರಣೆಯ ಚೀಟಿ ಕೈಗೆ ಸಿಗುವಂತಿರಲಿ.

ಒಡೆದದ್ದೆಲ್ಲ ನಿರುಪದ್ರವಿಯೇ?

"ಈಲಿ ಒಡೆದುಹಾಕಿತು ಎಂದ ಮೇಲೆ ವಿಷ ಹೋಯಿತಲ್ಲ?" ಎಂದು ಕೇಳಬಹುದು. ಯಾವಾಗಲೂ ಹಾಗಲ್ಲ. ಕ್ಲೋರೋಫಾರಂ ಕೊಟ್ಟ ಕೆಲವರಲ್ಲಿ ದಿನಗಳ ನಂತರ ಈಲಿ ಕೆಟ್ಟು ಸಾವು ಸಂಭವಿಸುತ್ತಿತ್ತು. ಈಲಿಯು ಕ್ಲೋರೋಫಾರಂ ಅನ್ನು ಒಡೆಯುವಾಗ ಫಾಸ್ಜೀನ್ ಎಂಬ ವಿಷವನ್ನೇ ತಯಾರಿಸುತ್ತದೆ ಎಂದು 1970ರ ದಶಕದ ಸಂಶೋಧನೆಗಳು ತೋರಿಸಿದವು. ಮೊದಲನೇ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲವೂ ಇದೇ ಫಾಸ್ಜೀನ್.

ನಮ್ಮ ಲಿಗ್ನೋಕೇನ್ ಮತ್ತು ಕ್ಸೈಲಜೀನ್ ಎರಡರಿಂದಲೂ ಒಡೆದು ಬರುವ ಒಂದು ಸಾಮಾನ್ಯ ಪದಾರ್ಥವಿದೆ, ಅದರ ಹೆಸರು ಕ್ಸೈಲಿಡೀನ್. ಇಲಿಗಳಿಗೆ ಇದನ್ನು ದೀರ್ಘಕಾಲ ಆಹಾರದಲ್ಲಿ ಕೊಟ್ಟಾಗ ಮೂಗಿನಲ್ಲಿ ಗೆಡ್ಡೆಗಳಾದವು. ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ಪದಾರ್ಥಗಳ ಪಟ್ಟಿಯಲ್ಲಿ ಸೇರಿಸಿದೆ. ಲಿಗ್ನೋಕೇನ್ ಕೊಟ್ಟ ಹಸುಗಳ ಹಾಲಿನಲ್ಲಿ ಈ ಪದಾರ್ಥ ಇರುವುದನ್ನು ನೆದರ್ಲೆಂಡ್ಸ್ ದೇಶದ ಸಂಶೋಧಕರು 2015ರಲ್ಲಿ ವರದಿ ಮಾಡಿದರು.

ಇದನ್ನು ಓದಿ ಹೆದರಬೇಕಾಗಿಲ್ಲ. ಒಂದು ಹಸುವಿನ ಒಂದು ಹೊತ್ತಿನ ಹಾಲು ಕುಡಿದ ಮಾತ್ರಕ್ಕೆ ಯಾರಿಗೂ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಶಸ್ತ್ರಚಿಕಿತ್ಸೆಯನ್ನು ಅರಿವಳಿಕೆ ಇಲ್ಲದೆ ಮಾಡಿಸಬೇಕೆಂದೂ ಅಲ್ಲ. ನೋವಿನಿಂದ ನರಳಿದ ಹಸು ಮೇವು ಬಿಡುತ್ತದೆ, ಹಾಲು ಬಿಡುತ್ತದೆ, ಗಾಯವೂ ಬೇಗ ಮಾಯುವುದಿಲ್ಲ. ಮದ್ದು ಬೇಕೇ ಬೇಕು. ಆದರೆ ಮದ್ದು ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಬೇರೆ ಇಡುವ ಶಿಸ್ತು ನಮಗೆ ಬೇಕು. ನಮ್ಮ ಹಾಲು ಹೋಗುವುದು ಎಳೆಯ ಮಕ್ಕಳ ಲೋಟಕ್ಕೆ ಎಂಬುದನ್ನು ಮರೆಯಬಾರದು.

ಹಾಲು ಎಷ್ಟು ದಿನ ತಡೆಯಬೇಕು?

ನಮ್ಮ ದೇಶದಲ್ಲಿ ಔಷಧ ನಿಯಮಗಳಿಗೆ 2012ರ ಜನವರಿಯಲ್ಲಿ ತಿದ್ದುಪಡಿ ಆಯಿತು. ಅದರಂತೆ ಹಾಲು, ಮಾಂಸ, ಮೊಟ್ಟೆ ಕೊಡುವ ಪ್ರಾಣಿಗಳಿಗೆ ಬಳಸುವ ಔಷಧದ ಲೇಬಲ್ ಮೇಲೆ, ಔಷಧ ನಿಲ್ಲಿಸಿದ ಎಷ್ಟು ದಿನಗಳವರೆಗೆ ಅವುಗಳ ಉತ್ಪನ್ನ ಬಳಸಬಾರದು ಎಂದು ನಮೂದಿಸಬೇಕು. ಅಂಥ ಅವಧಿಯನ್ನು ಪರೀಕ್ಷೆಯಿಂದ ನಿಗದಿಪಡಿಸಿಲ್ಲದಿದ್ದರೆ, ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಎಂದು ಹಿಡಿಯಬೇಕು.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಒಂದನ್ನೇ ಕೊಡುವುದಿಲ್ಲ. ಗಾಯ ಕೀವಾಗದಂತೆ ಆಂಟಿಬಯೋಟಿಕ್, ನೋವು ಕಡಿಮೆಯಾಗಲು ಬೇರೆ ಮದ್ದು, ಇವನ್ನೂ ಮೂರರಿಂದ ಐದು ದಿನ ಕೊಡುತ್ತಾರೆ. ಪ್ರತಿಯೊಂದಕ್ಕೂ ಅದರದೇ ಅವಧಿ ಇರುತ್ತದೆ. ಲೆಕ್ಕ ಶುರುವಾಗುವುದು ಆ ಮದ್ದಿನ ಕೊನೆಯ ಚುಚ್ಚುಮದ್ದು ಕೊಟ್ಟ ಹೊತ್ತಿನಿಂದ. ಯಾವ ಮದ್ದಿನ ಅವಧಿ ಎಲ್ಲಕ್ಕಿಂತ ಕೊನೆಗೆ ಮುಗಿಯುತ್ತದೋ ಅದೇ ಹಾಲು ಹಾಕುವ ದಿನ.

ದಿನಕ್ಕೆ 10 ಲೀಟರ್ ಕರೆಯುವ ಹಸುವಾದರೆ 7 ದಿನಕ್ಕೆ 70 ಲೀಟರ್. ಬಡ ಉತ್ಪಾದಕರಿಗೆ ಇದು ಸಣ್ಣ ನಷ್ಟವಲ್ಲ, ನಿಜ. ಆದರೆ ಒಬ್ಬರ ಒಂದು ಬಕೆಟ್ ಹಾಲು ಸಂಘದ ಶೀತಲೀಕರಣ ತೊಟ್ಟಿಗೆ ಬಿದ್ದರೆ ಇಡೀ ಊರಿನ ಹಾಲಿಗೆ ಸೇರುತ್ತದೆ. ಪರೀಕ್ಷೆಯಲ್ಲಿ ಔಷಧದ ಅಂಶ ಸಿಕ್ಕಿ ತೊಟ್ಟಿಯ ಹಾಲು ತಿರಸ್ಕೃತವಾದರೆ ನಷ್ಟ ಎಲ್ಲರದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ನಷ್ಟವನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಿಕೊಳ್ಳುವುದು ಜಾಣತನ. ಇನ್ನೂ ಜಾಣತನವೆಂದರೆ ಮುಂದೂಡಬಹುದಾದ ಕೆಲಸಗಳನ್ನು ಕರೆಯುವ ಕಾಲಕ್ಕೆ ಬಿಡದಿರುವುದು. ಕೊಂಬಿನ ಮೊಗ್ಗನ್ನು ಕರು ಎಳೆಯದಿರುವಾಗಲೇ ಸುಡಿಸಿದರೆ, ಮುಂದೆ ಹಾಲು ಕೊಡುವ ಹಸುವಿನ ಕೊಂಬು ಕತ್ತರಿಸುವ ಪ್ರಮೇಯವೇ ಬರುವುದಿಲ್ಲ.

ಯಾವ ರಾಸುಗಳಲ್ಲಿ ಮದ್ದು ನಿಧಾನವಾಗಿ ಇಳಿಯುತ್ತದೆ?

1. ಹುಟ್ಟಿ ಕೆಲವೇ ವಾರಗಳಾದ ಕರುಗಳು: ಈಲಿಯ ಕಿಣ್ವಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ.
2. ಕರು ಹಾಕಿದ ಹೊಸತರಲ್ಲಿ ಮೇವು ಬಿಟ್ಟು ಬಡವಾದ ಅಧಿಕ ಹಾಲಿನ ಮಿಶ್ರತಳಿ ಹಸುಗಳು: ಇವುಗಳ ಈಲಿಯಲ್ಲಿ ಕೊಬ್ಬು ತುಂಬಿರುವ ಸಂಭವ ಹೆಚ್ಚು.
3. ಈಲಿಯಲ್ಲಿ ಚಪ್ಪಟೆ ಹುಳು ಇರುವ ರಾಸುಗಳು: ಕೆರೆ ಅಂಗಳದಲ್ಲಿ, ಜೌಗಿನಲ್ಲಿ ಮೇಯುವ ದನಗಳಲ್ಲಿ ಇದು ಹೆಚ್ಚು.
4. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ ತಿಂದ ರಾಸುಗಳು: ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಈಲಿಯನ್ನೇ ಕೆಡಿಸುತ್ತದೆ.
5. ಉಣ್ಣೆ ಜ್ವರದಿಂದ ರಕ್ತ ಕಡಿಮೆಯಾಗಿ, ಕಣ್ಣು ಹಳದಿಯಾದ ರಾಸುಗಳು.
6. ಬಹಳ ಮುದಿಯಾದ ಹಾಗೂ ನಿಶ್ಶಕ್ತ ರಾಸುಗಳು.

ಇಂಥ ರಾಸುಗಳಿಗೆ ಶಸ್ತ್ರಚಿಕಿತ್ಸೆ ಮಾಡಲೇಬಾರದೆಂದಲ್ಲ. ವಿಷಯ ಮೊದಲೇ ತಿಳಿದರೆ ವೈದ್ಯರು ಮದ್ದನ್ನೂ ಪ್ರಮಾಣವನ್ನೂ ಅದಕ್ಕೆ ತಕ್ಕಂತೆ ಆರಿಸುತ್ತಾರೆ.

ಉತ್ಪಾದಕರು ಮಾಡಬೇಕಾದ್ದು

ಮೊದಲು:
1. ಮುಂಚಿತವಾಗಿ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ ದೊಡ್ಡ ರಾಸಿಗೆ ವೈದ್ಯರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 18ರಿಂದ 24 ಗಂಟೆ, ಮೇವು ಹಾಕಬೇಡಿ. ನೀರನ್ನು ಸುಮಾರು 12 ಗಂಟೆ ಮೊದಲು ನಿಲ್ಲಿಸಿ. ಹಾಲು ಕುಡಿಯುವ ಎಳೆಗರುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ, ವೈದ್ಯರನ್ನು ಕೇಳಿ.
2. ಗಬ್ಬದ ತಿಂಗಳು, ಹಿಂದಿನ ಕಾಯಿಲೆ, ಈಚೆಗೆ ಕೊಟ್ಟ ಮದ್ದು, ಮೈಗೆ ಹೊಡೆದ ಔಷಧಿ – ಎಲ್ಲವನ್ನೂ ತಿಳಿಸಿ.
3. ನೆರಳಿರುವ, ಹುಲ್ಲು ಹಾಸಿದ ಮೆತ್ತನೆಯ ಜಾಗ ಸಿದ್ಧಮಾಡಿ. ಕ್ಸೈಲಜೀನ್ ಕೊಟ್ಟ ರಾಸು ಬಿಸಿಲಿನ ಝಳವನ್ನು ತಡೆದುಕೊಳ್ಳಲಾರದು.

ನಂತರ:
1. ರಾಸನ್ನು ಪಕ್ಕಕ್ಕೆ ಚಾಚಿ ಮಲಗಲು ಬಿಡದೆ ಎದೆಯ ಮೇಲೆ ಕೂರುವಂತೆ ಮಾಡಿ, ಎರಡೂ ಬದಿಗೆ ಹುಲ್ಲಿನ ಕಂತೆ ಅಥವಾ ಚೀಲ ಒತ್ತುಕೊಡಿ. ಜೊಲ್ಲು ಹೊರಗೆ ಹರಿಯುವಂತೆ ಮೂತಿ ತಗ್ಗಾಗಿರಲಿ.
2. ಎಡಪಕ್ಕೆ ಉಬ್ಬಿದರೆ, ಉಸಿರಾಟ ಏರುಪೇರಾದರೆ ಕೂಡಲೇ ವೈದ್ಯರಿಗೆ ಹೇಳಿ. ಮಂಪರು ಇಳಿಸುವ ಮದ್ದೂ ಇದೆ.
3. ಚೆನ್ನಾಗಿ ನಿಂತು, ತೇಗಿ, ಮೆಲುಕು ಹಾಕುವವರೆಗೆ ಬಾಯಿಗೆ ಏನನ್ನೂ ಹೊಯ್ಯಬೇಡಿ. ಗೊಟ್ಟದಲ್ಲಿ ಗಂಜಿ, ಮಜ್ಜಿಗೆ ಹೊಯ್ಯುವುದು ಅತ್ಯಂತ ಅಪಾಯ.
4. ಮೊದಲು ಸ್ವಲ್ಪ ನೀರು, ನಂತರ ಸ್ವಲ್ಪ ಹಸಿ ಮೇವು. ಹಿಂಡಿ, ಬೂಸಾ ಮರುದಿನ.
5. ಹಾಲನ್ನು ಹೊತ್ತುಹೊತ್ತಿಗೆ ಪೂರ್ತಿ ಕರೆದು ಬೇರೆ ಪಾತ್ರೆಯಲ್ಲಿ ಹಿಡಿದು ಚೆಲ್ಲಿ. ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ.
6. ಕೊಟ್ಟ ಮದ್ದುಗಳ ಹೆಸರು, ಕೊಟ್ಟ ದಿನಾಂಕ, ಹಾಲು ಹಾಕಬಹುದಾದ ದಿನಾಂಕ ಇವನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಸಂಘದ ಕಾರ್ಯದರ್ಶಿಯವರಿಗೂ ತಿಳಿಸಿ.

ಪ್ರಶ್ನೆ – ಉತ್ತರ

ಪ್ರಶ್ನೆ: ತಡೆಹಿಡಿದ ಹಾಲನ್ನು ಚೆನ್ನಾಗಿ ಕಾಯಿಸಿ ಮನೆಗೆ ಬಳಸಬಹುದೇ?
ಉತ್ತರ: ಬೇಡ. ಕಾಯಿಸಿದರೆ ಸಾಯುವುದು ರೋಗಾಣುಗಳು. ಔಷಧದ ಅಂಶ ಕಾಯಿಸಿದರೆ ಹೋಗುತ್ತದೆ ಎಂದು ನಂಬುವಂತಿಲ್ಲ. ಡೇರಿಗೆ ಬೇಡವಾದ ಹಾಲು ನಮ್ಮ ಮನೆಯ ಮಕ್ಕಳಿಗೂ ಬೇಡ.

ಪ್ರಶ್ನೆ: ಮೇಕೆ ಮರಿಯ ಕೊಂಬು ಸುಡಿಸಲು ಕರುವಿಗೆ ಕೊಟ್ಟಷ್ಟೇ ಮದ್ದು ಕೊಡಬಹುದೇ?
ಉತ್ತರ: ಕೂಡದು. ಮರಿಯ ಮೈತೂಕ ಬಹಳ ಕಡಿಮೆ. ಕರುವಿಗೆ ಕೊಟ್ಟಷ್ಟೇ ಲಿಗ್ನೋಕೇನ್ ಕೊಟ್ಟರೆ ಈಲಿ ಅದನ್ನು ಒಡೆಯುವ ಮೊದಲೇ ಮಿದುಳಿಗೇರಿ ಮರಿ ಸೆಟೆದು ಸಾಯಬಹುದು.

ಪ್ರಶ್ನೆ: ಆಪರೇಷನ್ ಆದ ಮೇಲೆ ನೋವಿನ ಚುಚ್ಚುಮದ್ದನ್ನು ಅಂಗಡಿಯಿಂದ ತಂದು ನಾವೇ ಹಾಕಬಹುದೇ?
ಉತ್ತರ: ಹಾಕಬೇಡಿ. ಮೈಯಲ್ಲಿ ಉಳಿದ ಮದ್ದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಡೈಕ್ಲೋಫೆನಾಕ್ ಸಾಕ್ಷಿ. ಈ ನೋವಿನ ಮದ್ದು ಕೊಟ್ಟ ಸ್ವಲ್ಪ ದಿನಕ್ಕೇ ಸತ್ತ ದನಗಳ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಭಾರತದಲ್ಲಿ ಜಾನುವಾರುಗಳಿಗೆ ಇದರ ಬಳಕೆಯನ್ನು ನಿಷೇಧಿಸಲಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ರಣಹದ್ದುಗಳಿಗಾಗಿ ಧಾಮವನ್ನೇ ಮಾಡಬೇಕಾಯಿತು. ನೋವಿನ ಮದ್ದನ್ನು ವೈದ್ಯರೇ ಆರಿಸಲಿ.

ಬಾಂಧವರೇ, ಹಸು ಎದ್ದು ನಿಲ್ಲುವುದು ಮದ್ದು ಮಿದುಳಿನಿಂದ ಇಳಿದುದರ ಗುರುತು. ಮೆಲುಕು ಹಾಕುವುದು ಹೊಟ್ಟೆಯಿಂದ ಇಳಿದುದರ ಗುರುತು. ಹಾಲಿನಿಂದ ಇಳಿದುದಕ್ಕೆ ಕಣ್ಣಿಗೆ ಕಾಣುವ ಗುರುತಿಲ್ಲ, ಚೀಟಿಯಲ್ಲಿ ಬರೆದ ದಿನಾಂಕವೇ ಅದರ ಗುರುತು. ಆ ದಿನಾಂಕದವರೆಗೆ ಕಾಯುವುದು ನಮ್ಮೆಲ್ಲರ ಕರ್ತವ್ಯ.